ಮೊದಲು ಯಾವುದು, ಆಮೇಲೆ ಯಾವುದು? ನನ್ನ ನಾಲ್ವರು ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಮೂಳೆ ಡಾಕ್ಟರಿಗೆ, ಹಾರ್ಮೋನ್ ಡಾಕ್ಟರಿಗೆ, ಸ್ತ್ರೀರೋಗದ ಡಾಕ್ಟರಿಗೆ, ಮತ್ತೆ ನೆಗಡಿ ಬಂದರೂ ನಾನು ಮೊದಲು ಓಡಿ ಬರುವ ಫ್ಯಾಮಿಲಿ ಡಾಕ್ಟರಿಗೆ,

ನಮಸ್ಕಾರ. ನೀವು ನಾಲ್ವರೂ ನನ್ನನ್ನು ಬಲ್ಲಿರಿ. ನನ್ನ ಮೂಳೆ ಒಳಗೊಳಗೇ ಟೊಳ್ಳಾಗುತ್ತಿರುವುದಕ್ಕೆ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟಿದ್ದೀರಿ. ಆದರೆ ನಿಮ್ಮ ನಿಮ್ಮೊಳಗೆ ಇಷ್ಟು ದಿನ ಒಂದು ಮಾತೂ ಆದಂತಿಲ್ಲ. ನಿಮ್ಮ ಹೆಸರು ಇಲ್ಲಿ ಹಾಕುವುದಿಲ್ಲ, ಹೆದರಬೇಡಿ. ಎಲ್ಲರಿಗೂ ಕಾಣುವ ಹಾಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ತಿರುಗುವ ಹೆಂಗಸರನ್ನು ಈ ಒಂದು ವರ್ಷದಲ್ಲಿ ಬಹಳ ಜನ ನೋಡಿದ್ದೇನೆ, ಅವರೆಲ್ಲರ ಡಾಕ್ಟರುಗಳೂ ಓದಲಿ ಅಂತ.

ಮೊದಲು ಒಂದು ಹಾಳೆಯ ವಿಷಯ. ಅದು ನನ್ನ ರಕ್ತ ಪರೀಕ್ಷೆಯ ರಿಪೋರ್ಟು. ಅದರಲ್ಲಿ ಕ್ಯಾಲ್ಸಿಯಂ 10.7 ಅಂತಿದೆ. ಮೂಳೆ ಡಾಕ್ಟರು ಅದರ ಪಕ್ಕ ನೀಲಿ ಪೆನ್ನಲ್ಲಿ ಒಂದು ಟಿಕ್ ಹಾಕಿ, 'ಕ್ಯಾಲ್ಸಿಯಂ ಚೆನ್ನಾಗಿಯೇ ಇದೆಯಲ್ಲ' ಅಂದರು. ಹಾರ್ಮೋನ್ ಡಾಕ್ಟರು ಅದೇ ಸಂಖ್ಯೆಗೆ ಕೆಂಪು ಪೆನ್ನಲ್ಲಿ ಎರಡು ಸುತ್ತು ಹಾಕಿದರು. ಎಷ್ಟು ಒತ್ತಿ ಹಾಕಿದರು ಅಂದರೆ ಎರಡನೇ ಸುತ್ತಿಗೆ ಹಾಳೆ ಚೂರು ಹರಿಯಿತು. ಫ್ಯಾಮಿಲಿ ಡಾಕ್ಟರು ಆ ಸಾಲನ್ನು ದಾಟಿ ಕೆಳಗೆ ಹೋಗಿ, ವಿಟಮಿನ್ ಡಿ 17 ಅಂತ ಇದ್ದ ಕಡೆ ಗೆರೆ ಎಳೆದು, ಅಂಚಿನಲ್ಲಿ 'ಕ್ಯಾಲ್ಸಿಯಂ ಮಾತ್ರೆ, ದಿನಕ್ಕೆ ಎರಡು' ಅಂತ ಬರೆದರು. ಒಂದೇ ಹಾಳೆ. ಒಬ್ಬರು ಚೆನ್ನಾಗಿದೆ ಅಂದದ್ದನ್ನು ಇನ್ನೊಬ್ಬರು ಜಾಸ್ತಿ ಅಂದರು, ಮತ್ತೊಬ್ಬರು ಇನ್ನಷ್ಟು ತಗೊಳ್ಳಿ ಅಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ನಿಮ್ಮಲ್ಲಿ ಎತ್ತು ಯಾರು ಕೋಣ ಯಾರು ಅಂತ ನನ್ನನ್ನು ಕೇಳಬೇಡಿ. ನಾನು ಬರೀ ಗಾಡಿ.

ಗಾಡಿಯ ಕಥೆ ಚುಟುಕಾಗಿ ಹೇಳುತ್ತೇನೆ. ನನಗೀಗ 53. ಮುಟ್ಟು ನಿಂತದ್ದು 44ಕ್ಕೆ. 45ರ ಒಳಗೆ ನಿಂತರೆ ಅದು ಬೇಗ ಎಂದು ಲೆಕ್ಕ, ಅಂಥವರಿಗೆ ಬೇರೆ ತೊಡಕು ಇಲ್ಲದಿದ್ದರೆ ಸಹಜವಾಗಿ ನಿಲ್ಲುವ ವಯಸ್ಸಿನ ತನಕ, ಅಂದರೆ ಸುಮಾರು 50, 51ರ ತನಕ ಹಾರ್ಮೋನ್ ಕೊಡುವುದು ಒಳ್ಳೆಯದು ಅಂತ ಈಗ ನೀವೇ ಹೇಳುತ್ತೀರಿ. ಆಗ ನನ್ನನ್ನು ನೋಡಿದವರು, ಅವರು ನಿಮ್ಮ ಪೈಕಿ ಅಲ್ಲ, ಬೇರೆಯವರು, 'ಎಲ್ಲರಿಗೂ ಆಗೋದೇ, ಸಹಿಸ್ಕೊಳ್ಳಿ' ಅಂದಿದ್ದರು. ಸಹಿಸಿಕೊಂಡೆ. ರಾತ್ರಿ ಬೆವರಿ ಎದ್ದು ಕೂರುವುದನ್ನು ಸಹಿಸಿಕೊಳ್ಳಬಹುದು, ಆದರೆ ಒಳಗೆ ಮೂಳೆ ಕರಗುವುದು ಗೊತ್ತೇ ಆಗುವುದಿಲ್ಲ. ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷದಲ್ಲಿ ಮೂಳೆಯ ಸಾಂದ್ರತೆ ಶೇಕಡ 20ರ ತನಕ ಇಳಿಯಬಹುದಂತೆ. ನಮ್ಮ ಮೂಳೆಯಲ್ಲಿ ಕೆಡವುವ ಕೋಶಗಳು ಬೇರೆ, ಕಟ್ಟುವ ಕೋಶಗಳು ಬೇರೆ. ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಕೆಡವುವವರನ್ನು ಹತೋಟಿಯಲ್ಲಿ ಇಟ್ಟಿದ್ದ ಮೇಸ್ತ್ರಿ. ಮೇಸ್ತ್ರಿ ಬೇಗ ಕೆಲಸ ಬಿಟ್ಟು ಹೋದ. ಕೆಡವುವ ಕೆಲಸ ಜೋರಾಯಿತು.

ಕಳೆದ ವರ್ಷ ಒದ್ದೆ ನೆಲದ ಮೇಲೆ ಜಾರಿ ಬಿದ್ದೆ. ಮಹಡಿಯಿಂದಲ್ಲ, ಮೆಟ್ಟಿಲಿಂದಲೂ ಅಲ್ಲ, ನಿಂತಲ್ಲೇ. ಬಲಗೈ ಊರಿದೆ, ಮಣಿಕಟ್ಟು ಮುರಿಯಿತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದು ಬಿದ್ದ ತಪ್ಪಲ್ಲ, ಮೂಳೆಯ ತಪ್ಪು ಅಂತ ಆಮೇಲೆ ಗೊತ್ತಾಯಿತು. ಪ್ಲಾಸ್ಟರ್ ಹಾಕಿದವರು ಇದನ್ನು ಹೇಳಲಿಲ್ಲ. ಆರು ವಾರಕ್ಕೆ ಬಿಚ್ಚಿ, ಚೆನ್ನಾಗಿ ಕೂಡಿದೆ ಹೋಗಿ ಅಂದರು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಆರೋಗ್ಯವಂತ ಯುವತಿಯ ಮೂಳೆಗಿಂತ ನಮ್ಮದು ಎಷ್ಟು ಕೆಳಗಿದೆ ಅಂತ ಅದು ಅಂಕ ಕೊಡುತ್ತದೆ. ಬೆನ್ನು ಮೈನಸ್ 2.4, ಸೊಂಟ ಮೈನಸ್ 2.2. ಇಲ್ಲಿಂದ ಜಗಳ ಶುರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಮೈನಸ್ 2.5. ಆ ಗೆರೆ ಮುಟ್ಟಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿದೆ ಅಂತ. ಮೈನಸ್ 1ರ ಕೆಳಗಿಳಿದೂ ಆ ಗೆರೆ ಮುಟ್ಟದಿದ್ದರೆ ಆಸ್ಟಿಯೊಪೀನಿಯಾ, ಅಂದರೆ ಟೊಳ್ಳಾಗುವ ಹಾದಿಯಲ್ಲಿದೆ ಅಂತ. ಒಬ್ಬರು 'ಒಂದು ಪಾಯಿಂಟ್ ಮೇಲಿದ್ದೀರಿ, ಔಷಧಿ ಬೇಡ, ನಡೀರಿ, ಸ್ವಲ್ಪ ಭಾರ ಎತ್ತಿ' ಅಂದರು. ಇನ್ನೊಬ್ಬರು 'ಮೂಳೆ ಮುರಿದಾಗಿದೆ, ಇನ್ನು ಸಂಖ್ಯೆ ಏನು ನೋಡೋದು' ಅಂದರು. ಆಮೇಲೆ ಹಾರ್ಮೋನ್ ಡಾಕ್ಟರು ಮುರಿಯದ ಎಡ ಮುಂಗೈಯದೂ ಸ್ಕ್ಯಾನ್ ಬೇಕು ಅಂತ ಹಟ ಹಿಡಿದು ಕಳಿಸಿದರು. ಮುಂಗೈ ಮೈನಸ್ 3.3! ಮೂರು ಜಾಗದಲ್ಲಿ ಮೂರು ಸಂಖ್ಯೆ, ನಾನು ಮಾತ್ರ ಒಬ್ಬಳೇ.

ಇಲ್ಲಿ ಒಂದು ಅಡ್ಡ ಮಾತು. 'ಮೂಳೆ ಸವೆತ' ಅಂತ ನಾವು ಎರಡು ಬೇರೆ ಬೇರೆ ಕಾಯಿಲೆಗೆ ಹೇಳುತ್ತೇವೆ. ಕೀಲು ಸವೆದು ನೋಯುವುದಕ್ಕೂ ಅದೇ ಹೆಸರು, ನೋವೇ ಇಲ್ಲದೆ ಒಳಗೆ ಟೊಳ್ಳಾಗುವುದಕ್ಕೂ ಅದೇ ಹೆಸರು. ತಮಾಷೆ ಏನಂದರೆ ಬೆನ್ನಿನ ಕೀಲು ಸವೆದು ಅಲ್ಲಿ ಹೊಸ ಮೂಳೆ ಗಂಟು ಗಂಟಾಗಿ ಬೆಳೆದಿದ್ದರೆ, ಸ್ಕ್ಯಾನ್ ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿದು ಬೆನ್ನು ಗಟ್ಟಿಯಿದೆ ಅಂತ ಸುಳ್ಳು ಹೇಳುತ್ತದೆ. ಒಂದು ಸವೆತ ಇನ್ನೊಂದು ಸವೆತವನ್ನು ಮುಚ್ಚಿಡುತ್ತದೆ. ನನ್ನ ಬೆನ್ನಿನ 2.4ರಲ್ಲಿ ಎಷ್ಟು ನಿಜವೋ ಎಷ್ಟು ಗಂಟೋ!

ಮುಂಗೈ ಯಾಕೆ ಅಷ್ಟು ಕೆಟ್ಟಿತ್ತು ಅನ್ನುವುದಕ್ಕೆ ಉತ್ತರ ಬಹುಶಃ ಕುತ್ತಿಗೆಯಲ್ಲಿದೆ. ಪ್ಯಾರಾಥೈರಾಯ್ಡ್. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿ. ಹೆಸರಲ್ಲಿ ಥೈರಾಯ್ಡ್ ಇರುವುದು ಅಕ್ಕಪಕ್ಕ ಮನೆ ಇರುವುದಕ್ಕೆ, ಕೆಲಸ ಬೇರೆಯೇ. ನಮ್ಮ ಕಡೆಯವರು ಇವತ್ತಿಗೂ 'ಥೈರಾಯ್ಡ್ ಮಾತ್ರೆ ತಗೊಂಡ್ರೆ ಸರಿ ಹೋಗುತ್ತಲ್ವಾ' ಅಂತ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಈ ಗ್ರಂಥಿ ರಕ್ತದ ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟಿರುತ್ತದೆ. ಕಡಿಮೆಯಾದರೆ ಮೂಳೆಯಿಂದ ತೆಗೆದುಕೊಡು ಅಂತ ಹಾರ್ಮೋನ್ ಕಳಿಸುತ್ತದೆ, ಜಾಸ್ತಿಯಾದರೆ ಸುಮ್ಮನಾಗಬೇಕು. ನನ್ನಲ್ಲಿ ಕ್ಯಾಲ್ಸಿಯಂ 10.7, ಗ್ರಂಥಿ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ಅದು ಕಳಿಸುವ ಆ ಹಾರ್ಮೋನ್, ಪಿಟಿಎಚ್ ಅಂತಾರೆ, 88 ಬಂತು. ಆ ಲ್ಯಾಬಿನ ಮೇಲಿನ ಮಿತಿ 65. ಅಂದರೆ ಸಾಕು ಸಾಕು ಅನ್ನುವ ಹೊತ್ತಲ್ಲೂ ಅದು ಮೂಳೆಯನ್ನು ಕೀಳುತ್ತಲೇ ಇದೆ. ಗ್ರಂಥಿ ಹೀಗೆ ಮಿತಿಮೀರಿ ಕೆಲಸ ಮಾಡುವ ಕಾಯಿಲೆ ಬೆನ್ನಿಗಿಂತ ಮುಂಗೈಯ ಗಟ್ಟಿ ಮೂಳೆಯನ್ನು ಜಾಸ್ತಿ ತಿನ್ನುತ್ತದೆ.

ಹಳೆಯ ಕಥೆಯೊಂದಿದೆ. ಚಾರ್ಲ್ಸ್ ಮಾರ್ಟೆಲ್ ಅಂತ ಅಮೆರಿಕದ ಒಬ್ಬ ಹಡಗಿನ ಕ್ಯಾಪ್ಟನ್‌ಗೆ 1920ರ ದಶಕದಲ್ಲಿ ಇದೇ ಕಾಯಿಲೆ ಇತ್ತು. ಮೂಳೆ ಮೇಲೆ ಮೂಳೆ ಮುರಿದು, ಎತ್ತರದಲ್ಲಿ ಸುಮಾರು 7 ಇಂಚು ಕುಗ್ಗಿಬಿಟ್ಟಿದ್ದ. ಕುತ್ತಿಗೆಯಲ್ಲಿ ಸಲ ಸಲ ಆಪರೇಷನ್ ಮಾಡಿದರೂ ಕೆಟ್ಟ ಗ್ರಂಥಿ ಸಿಗಲಿಲ್ಲ. 1932ರಲ್ಲಿ ಎದೆಯೊಳಗೆ ಸಿಕ್ಕಿತು, ತಡವಾಗಿತ್ತು, ಕೆಲವೇ ವಾರಗಳಲ್ಲಿ ತೀರಿಕೊಂಡ. ನಾನು ಕುಗ್ಗಿರುವುದು ಒಂದೂವರೆ ಇಂಚು ಅಷ್ಟೇ. ಮಗನ ಎತ್ತರ ಗುರುತು ಹಾಕುತ್ತಿದ್ದ ಬಾಗಿಲ ಚೌಕಟ್ಟಿನಲ್ಲಿ ನನ್ನದೂ ಒಂದು ಹಳೆಯ ಪೆನ್ಸಿಲ್ ಗೆರೆ ಇತ್ತು, ಅದಕ್ಕೆ ಬೆನ್ನು ತಾಗಿಸಿ ನಿಂತಾಗ ಗೊತ್ತಾಯಿತು. ನೀವು ನಾಲ್ವರೂ ಬಿಪಿ ನೋಡಿದಿರಿ, ತೂಕ ನೋಡಿದಿರಿ. ಎತ್ತರ ಅಳೆದವರು ಒಬ್ಬರೂ ಇಲ್ಲ. ಬೆನ್ನುಮೂಳೆ ಕುಸಿದರೆ ಮೂವರಲ್ಲಿ ಇಬ್ಬರಿಗೆ ಗೊತ್ತೇ ಆಗುವುದಿಲ್ಲ ಅಂತ ಹೇಳುವವರೂ ನೀವೇ!

ಈಗ ಸಲಹೆಗಳಿಗೆ ಬರುತ್ತೇನೆ. ಮೂಳೆ ಡಾಕ್ಟರು ಡೆನೋಸುಮಾಬ್ ಇಂಜೆಕ್ಷನ್ ಅಂದರು, ಆರು ತಿಂಗಳಿಗೊಂದು, ಈ ವಾರವೇ ಶುರು ಮಾಡೋಣ. ಹಾರ್ಮೋನ್ ಡಾಕ್ಟರು ಏನೂ ಬೇಡ, ಮೊದಲು ಗ್ರಂಥಿ ನೋಡೋಣ ಅಂದರು. ಸ್ತ್ರೀರೋಗದ ಡಾಕ್ಟರು 'ಈಸ್ಟ್ರೋಜನ್ ಪ್ಯಾಚ್ ಹಾಕಿ, ಮೂಳೆಗೂ ಆಯ್ತು, ನಿದ್ದೆಗೂ ಆಯ್ತು' ಅಂದರು. ಫ್ಯಾಮಿಲಿ ಡಾಕ್ಟರದು ಕ್ಯಾಲ್ಸಿಯಂ ಮತ್ತು ಡಿ. ಇದರ ಮಧ್ಯೆ ಹಲ್ಲಿನ ಡಾಕ್ಟರು ಬೇರೆ, 'ಮೂಳೆ ಇಂಜೆಕ್ಷನ್ ತಗೊಂಡ್ರೆ ನಾನು ಹಲ್ಲು ಮುಟ್ಟಲ್ಲ, ದವಡೆ ಕೊಳೆಯುತ್ತೆ' ಅಂದರು. ಆ ಅಪಾಯ ನಿಜ, ಆದರೆ ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ತೀರಾ ಅಪರೂಪ. ಕ್ಯಾನ್ಸರ್ ರೋಗಿಗಳಿಗೆ ಇವೇ ಔಷಧಿಗಳನ್ನು ಬಹಳ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ, ಹೆಚ್ಚಾಗಿ ಕಂಡದ್ದು ಅಲ್ಲಿ. ಕೀಳಬೇಕಾದ ಹಲ್ಲಿದ್ದರೆ ಮೊದಲೇ ಕಿತ್ತು ಗಾಯ ಮಾಗಲಿ ಅನ್ನುವುದು ಸರಿಯಾದ ಮಾತು. ಹೆದರಿಸುವುದು ಬೇಕಿರಲಿಲ್ಲ.

ನಿಮ್ಮಲ್ಲಿ ಯಾರೂ ತಪ್ಪು ಹೇಳಿಲ್ಲ, ನೋಡಿ. ಆ ಕ್ಯಾಲ್ಸಿಯಂ ಮಾತ್ರೆ ಒಂದನ್ನು ಬಿಟ್ಟರೆ. 10.7 ಇದ್ದವಳಿಗೆ ಅದನ್ನು ಬರೆಯುವ ಮೊದಲು ಎರಡು ಸಾಲು ಮೇಲೆ ಕಣ್ಣು ಹಾಯಿಸಬೇಕಿತ್ತು, ಡಾಕ್ಟರೇ. ಉಳಿದದ್ದೆಲ್ಲ ಅವರವರ ಕುರ್ಚಿಯಲ್ಲಿ ಕೂತು ನೋಡಿದರೆ ಸರಿಯೇ. ನಾನು ಓದಿದ್ದೇನೆ, ಕೇಳಿದ್ದೇನೆ, ರಾತ್ರಿ ಹೊತ್ತು ಕೂತು ತಾಳೆ ಹಾಕಿದ್ದೇನೆ. ಎಲ್ಲರೂ 'ಏನು ಕೊಡಬೇಕು' ಹೇಳಿದಿರಿ. ಮೊದಲು ಯಾವುದು, ಆಮೇಲೆ ಯಾವುದು, ಒಂದನ್ನು ಶುರು ಮಾಡಿದರೆ ಇನ್ನೊಂದರ ಬಾಗಿಲು ಮುಚ್ಚುತ್ತದೋ ಹೇಗೆ, ಇದನ್ನು ಒಬ್ಬರೂ ಹೇಳಲಿಲ್ಲ. ಈ ಕಾಯಿಲೆಯಲ್ಲಿ ಸರದಿಯೇ ಅರ್ಧ ಚಿಕಿತ್ಸೆ ಅಂತ ನನಗೀಗ ಅನ್ನಿಸಿದೆ.

ಡೆನೋಸುಮಾಬ್ ಅನ್ನೇ ತಗೊಳ್ಳಿ. ಅದು ಕೆಡವುವ ಕೋಶಗಳ ಕೈ ಕಟ್ಟುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರುವುದು ನಿಂತು ರಕ್ತದಲ್ಲಿ ಇಳಿಯುತ್ತದೆ, ಇಳಿದದ್ದಕ್ಕೆ ಪಿಟಿಎಚ್ ಏರುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ, ಏರಿದ್ದು ಗ್ರಂಥಿ ಕೆಟ್ಟಿದ್ದಕ್ಕೋ ಇಂಜೆಕ್ಷನ್‌ಗೋ ಬಿಡಿಸಿ ಹೇಳುವುದು ಕಷ್ಟ. ಹಾಗಾಗಿ ಹಾರ್ಮೋನ್ ಡಾಕ್ಟರ 'ಬೇಡ' ಅನ್ನುವುದರ ನಿಜವಾದ ಅರ್ಥ 'ಈಗ ಬೇಡ, ಪರೀಕ್ಷೆ ಮುಗಿಯಲಿ' ಅಂತ. ಮೂಳೆ ಡಾಕ್ಟರ 'ಈ ವಾರವೇ' ಅನ್ನುವುದರ ಅರ್ಥ 'ಒಮ್ಮೆ ಮುರಿದವರಿಗೆ ಮುಂದಿನ ಒಂದೆರಡು ವರ್ಷದಲ್ಲಿ ಮತ್ತೆ ಮುರಿಯುವ ಭಯ ಜಾಸ್ತಿ, ಕಾಯುತ್ತಾ ಕೂರಬೇಡಿ' ಅಂತ. ಎರಡೂ ಮಾತು ಒಂದೇ ಕೋಣೆಯಲ್ಲಿ ಆಡಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಎರಡು ಕೋಣೆಯಲ್ಲಿ ಆಡಿದ್ದರಿಂದ ನನಗೆ ಎರಡು ತಿಂಗಳು ಹಿಡಿಯಿತು.

ಇನ್ನೊಂದು, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕಾಯುವ ಸಾಲಿನಲ್ಲಿ ನನ್ನ ಪಕ್ಕ ಒಬ್ಬರು ಕೂರುತ್ತಿದ್ದರು. ಅರವತ್ತು ದಾಟಿದವರು, ಬೆನ್ನಿಗೆ ಬೆಲ್ಟು. ಅವರಿಗೆ ಇದೇ ಇಂಜೆಕ್ಷನ್ ನಾಲ್ಕು ಆಗಿತ್ತಂತೆ. ಐದನೆಯದರ ಹೊತ್ತಿಗೆ ಹಲ್ಲು ಕೀಳಬೇಕಾಯಿತು, ಹಲ್ಲಿನವರು ನಿಲ್ಲಿಸಿ ಅಂದರು, ಇವರು ನಿಲ್ಲಿಸಿದರು. ಎರಡು ವರ್ಷ ತಗೊಂಡಿದ್ದೀನಲ್ಲ, ಸ್ವಲ್ಪ ರಜೆ ಕೊಟ್ಟರೆ ಏನಾಗುತ್ತೆ ಅಂದುಕೊಂಡರಂತೆ. ಕೊನೆಯ ಇಂಜೆಕ್ಷನ್ ಆಗಿ ಹನ್ನೊಂದು ತಿಂಗಳಿಗೆ, ಅರ್ಧ ಬಕೆಟ್ ನೀರು ಎತ್ತುವಾಗ ಬೆನ್ನಲ್ಲಿ 'ಟಕ್' ಅಂತು. ಎಕ್ಸ್‌ರೇ ನೋಡಿದರೆ ಮೂರು ಬೆನ್ನುಮೂಳೆ ಒಟ್ಟಿಗೆ ಕುಸಿದಿದ್ದವು. ಅವರು ಅದನ್ನು ಹೇಳುವಾಗ ಮೂರು ಬೆರಳು ಮಡಿಸಿ ತೋರಿಸಿದರು, ಒಂದೊಂದಾಗಿ.

ಈ ರಜೆಯ ಮಾತು ಎಲ್ಲಿಂದ ಬಂತು ಗೊತ್ತಾ? ಅಲೆಂಡ್ರೋನೇಟ್ ತರಹದ ವಾರದ ಮಾತ್ರೆಯಿಂದ. ಅದು ಮೂಳೆಯೊಳಗೇ ಹೋಗಿ ಕೂರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಐದು ವರ್ಷ ಮಾತ್ರೆಯೋ, ಮೂರು ವರ್ಷ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ಪೋ ಆದ ಮೇಲೆ, ಅಪಾಯ ಕಡಿಮೆ ಇರುವವರಿಗೆ ಸ್ವಲ್ಪ ಕಾಲ ಬಿಡುವು ಕೊಡುತ್ತಾರೆ. ಡೆನೋಸುಮಾಬ್ ಹಾಗಲ್ಲ. ಅದರ ಕಟ್ಟು ಬಿಚ್ಚಿದ ತಕ್ಷಣ ಕೆಡವುವ ಕೋಶಗಳು ದುಪ್ಪಟ್ಟು ಜೋರಾಗಿ ನುಗ್ಗುತ್ತವೆ. ಒಂದು ಡೋಸು ಒಂದು ತಿಂಗಳಿಗಿಂತ ತಡವಾಗಬಾರದು, ನಿಲ್ಲಿಸಲೇಬೇಕು ಅಂದರೆ ಇನ್ನೊಂದು ಔಷಧಿ ಅದರ ಜಾಗಕ್ಕೆ ಬಂದು ನಿಲ್ಲಬೇಕು. ಇದನ್ನು ಮೊದಲ ಇಂಜೆಕ್ಷನ್ ದಿನವೇ ಹೇಳಬೇಕಲ್ವಾ? ಹತ್ತುವ ಮೊದಲು ಇಳಿಯುವ ಮೆಟ್ಟಿಲು ತೋರಿಸಬೇಕಲ್ವಾ? ನನಗೂ ಯಾರೂ ಹೇಳಿರಲಿಲ್ಲ. ಆ ಅಮ್ಮ ಹೇಳಿದರು.

ಕಟ್ಟುವ ಔಷಧಿಗೂ ಸರದಿ ಇದೆ. ಟೆರಿಪ್ಯಾರಟೈಡ್ ಹೊಸ ಮೂಳೆ ಕಟ್ಟುತ್ತದೆ, ದಿನಾ ಚುಚ್ಚಿಕೊಳ್ಳಬೇಕು. ಆದರೆ ಅದು ಪ್ಯಾರಾಥೈರಾಯ್ಡ್ ಹಾರ್ಮೋನಿನದೇ ಒಂದು ತುಂಡು. ಆ ಹಾರ್ಮೋನ್ ಮೊದಲೇ ಉಕ್ಕುತ್ತಿರುವ ನನ್ನಂಥವರಿಗೆ ಕೊಡುವ ಹಾಗೇ ಇಲ್ಲ. ಉಳಿದವರಿಗೆ ಕೊಟ್ಟು ಮುಗಿಸಿದ ಮೇಲೂ ಹಾಗೇ ಬಿಟ್ಟರೆ ಕಟ್ಟಿದ್ದು ಕರಗಿಹೋಗುತ್ತದೆ, ಹಿಂದೆಯೇ ಕಾಪಾಡುವ ಔಷಧಿ ಬೇಕು. ಮೊದಲು ಕಟ್ಟಿ ಆಮೇಲೆ ಕಾಯುವುದು, ಅಷ್ಟೇ.

ಈಸ್ಟ್ರೋಜನ್ ವಿಷಯದಲ್ಲಂತೂ ಸ್ತ್ರೀರೋಗದ ಡಾಕ್ಟರು ಮತ್ತು ಮೂಳೆ ಡಾಕ್ಟರು ನನ್ನ ಮೂಲಕವೇ ಜಗಳ ಆಡಿದಿರಿ. 'ಹಾರ್ಮೋನಾ? ಕ್ಯಾನ್ಸರ್ ಬರಲಿ ಅಂತಾನಾ?' ಅಂತ ಮೂಳೆ ಡಾಕ್ಟರು. 'ಅವರು ಇನ್ನೂ 2002ರಲ್ಲೇ ಇದ್ದಾರೆ ಅಂತ ಹೇಳಿ' ಅಂತ ಸ್ತ್ರೀರೋಗದ ಡಾಕ್ಟರು. ಹೇಳಿ ಅಂತೆ! ನಾನೇನು ಟಪಾಲು ಹೊರುವವಳಾ?

2002ರಲ್ಲಿ ಆದದ್ದು ಇದು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಂತ ಅಮೆರಿಕದ ದೊಡ್ಡ ಅಧ್ಯಯನ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಡುತ್ತಿದ್ದ ಭಾಗದಲ್ಲಿ 16,608 ಹೆಂಗಸರಿದ್ದರು, ಅದನ್ನು ಅರ್ಧದಲ್ಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ 10,000 ಹೆಂಗಸರಲ್ಲಿ ವರ್ಷಕ್ಕೆ 8 ಜಾಸ್ತಿ ಕಂಡಿತ್ತು. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದೂ ಜಾಸ್ತಿ. ಸುದ್ದಿ ಜಗತ್ತಿಗೆಲ್ಲ ಹರಡಿ, ಹೆಂಗಸರು ಮಾತ್ರೆ ಬಿಸಾಡಿದರು. ಸೊಂಟ ಮುರಿಯುವುದು ಮೂರನೇ ಒಂದು ಭಾಗ ಕಡಿಮೆಯಾಗಿತ್ತು ಅನ್ನುವ ಸಾಲು ಎಲ್ಲೋ ಕೆಳಗೆ ಉಳಿಯಿತು. ಅಲ್ಲಿದ್ದವರ ಸರಾಸರಿ ವಯಸ್ಸು 63 ಅನ್ನುವುದೂ. ಬರೀ ಈಸ್ಟ್ರೋಜನ್ ತಗೊಂಡ, ಗರ್ಭಕೋಶ ತೆಗೆಸಿಕೊಂಡಿದ್ದವರ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿಯಾಗಲಿಲ್ಲ, ಮುಂದೆ ನೋಡಿದಾಗ ಕಡಿಮೆಯೇ ಇತ್ತು. ಈಗ ಲೆಕ್ಕ ಬದಲಾಗಿದೆ. 60ರ ಒಳಗೆ, ಇಲ್ಲವೇ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭ ಮೇಲು, ಆಮೇಲೆ ಶುರು ಮಾಡಿದರೆ ಅಪಾಯ ಏರುತ್ತದೆ. ನನಗೆ ಮುಟ್ಟು ನಿಂತು 9 ವರ್ಷ. ನಿಮ್ಮ ಜಗಳ ಇನ್ನೊಂದು ವರ್ಷ ನಡೆದರೆ ಆ 10 ವರ್ಷದ ಗೆರೆ ತಾನಾಗೇ ದಾಟಿಹೋಗುತ್ತದೆ, ಬಿಡಿ. ಮೊದಲೇ ಹೇಳಿದ ಹಾಗೆ, ಅದು ಬೇಕಿದ್ದದ್ದು 44ಕ್ಕೆ. ಆಗ ಹೆದರಿಕೊಂಡವರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಸುಮ್ನೆ ಹೇಳಿದೆ.

ವಿಟಮಿನ್ ಡಿ ಬಗ್ಗೆ ನೀವು ಕಿತ್ತಾಡಿದ್ದು ನನಗೆ ಬೇಜಾರಿಲ್ಲ. ಪುಸ್ತಕಗಳೇ ಕಿತ್ತಾಡಿವೆ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 20 ಇದ್ದರೆ ಸಾಕು ಅಂದಿತು, ಅದೇ ವರ್ಷ ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ 30 ಬೇಕು ಅಂದಿತು, 2024ರಲ್ಲಿ ಅದೇ ಸೊಸೈಟಿ ತನ್ನ 30ರ ಗೆರೆಯನ್ನು ತಾನೇ ಕೈಬಿಟ್ಟಿತು. ನನ್ನ 17 ಇಬ್ಬರ ಗೆರೆಗಿಂತಲೂ ಕೆಳಗಿದೆ, ಅಲ್ಲಿಗೆ ಒಮ್ಮತ! ಆದರೆ ಇಲ್ಲೂ ಸರದಿಯ ಮಾತೇ ಬಂತು. ಡಿ ಕಡಿಮೆ ಇದ್ದರೂ ಪಿಟಿಎಚ್ ಏರುತ್ತದೆ. ಹಾಗಾಗಿ ಮೊದಲು ಡಿ ಮೆಲ್ಲಗೆ ತುಂಬಿ, ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟು, ಮತ್ತೆ ಪರೀಕ್ಷೆ ಮಾಡಬೇಕು. ಇಂಜೆಕ್ಷನ್‌ಗಳ ಮೊದಲೂ ಡಿ ತುಂಬಿರಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಕುಸಿಯುತ್ತದೆ. ಜೊತೆಗೆ 24 ಗಂಟೆಯ ಮೂತ್ರ ಒಂದು ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಇದ್ದರೆ ಹುಟ್ಟಿನಿಂದ ಬಂದ ಬೇರೊಂದು ಸ್ಥಿತಿ, ಅದಕ್ಕೆ ಆಪರೇಷನ್ ಮಾಡಿ ಪ್ರಯೋಜನವಿಲ್ಲ. ಆ ಐದು ಲೀಟರ್ ಕ್ಯಾನು ಹಿಡಿದುಕೊಂಡು ಲಿಫ್ಟಿನಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು 'ಏನಿದು' ಅಂತ ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಎಲ್ಲಾ ಮುಗಿದು ಗ್ರಂಥಿಯೇ ಕೆಟ್ಟಿದೆ ಅಂತ ಖಚಿತವಾದರೆ, ಅದನ್ನು ತೆಗೆಸಿದ ಮೇಲೆ ಒಂದೆರಡು ವರ್ಷ ಮೂಳೆ ತಾನೇ ಸ್ವಲ್ಪ ಚೇತರಿಸಿಕೊಳ್ಳುತ್ತದಂತೆ. ಅಂದರೆ ಈ ವಾರವೇ ಚುಚ್ಚಬೇಕಿದ್ದ ಇಂಜೆಕ್ಷನ್ ನನಗೆ ಬೇಕಾಗದೆಯೂ ಹೋಗಬಹುದು. ಬೇಕೇ ಆಗಬಹುದು. ಅದನ್ನು ಆಗ ನೋಡೋಣ ಅಂತ ಯಾರಾದರೂ ಬಾಯಿ ಬಿಟ್ಟು ಹೇಳಿದ್ದರೆ ನಾನು ಅಷ್ಟು ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಒಬ್ಬರ ಚೀಟಿಯನ್ನು ನೋಡಿ ಮೂತಿ ತಿರುವುವ ಬದಲು, ಅವರಿಗೊಂದು ಫೋನು ಮಾಡಿ. 'ನಾನು ಒಪ್ಪುವುದಿಲ್ಲ' ಅಂತ ನನಗೆ ಹೇಳಿ, ಪರವಾಗಿಲ್ಲ, ಯಾಕೆ ಒಪ್ಪುವುದಿಲ್ಲ ಅಂತಲೂ ಹೇಳಿ, ಎರಡು ಸಾಲು ಬರೆದೂ ಕೊಡಿ, ಯಾಕಂದರೆ ಬಾಯಲ್ಲಿ ಹೇಳಿದ್ದನ್ನು ನಾನು ಮುಂದಿನ ಬಾಗಿಲಿಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತೇನೆ, ಉಳಿದರ್ಧ ತಪ್ಪಾಗಿ ಹೇಳುತ್ತೇನೆ, ಆಮೇಲೆ ನಿಮ್ಮಿಬ್ಬರ ಮಧ್ಯೆ ಇನ್ನೂ ದೊಡ್ಡ ಜಗಳ ಹಚ್ಚುತ್ತೇನೆ. ಖಚಿತವಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಯಾವ ಔಷಧಿಯನ್ನೇ ಬರೆಯಿರಿ, ಅದರ ಕೆಳಗೆ ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಏನು ಅಂತ ಒಂದು ಗೆರೆ. ಸ್ಕ್ಯಾನ್ ಮತ್ತೆ ಮಾಡಿಸಿ ಅನ್ನುವಾಗ ಅದೇ ಯಂತ್ರದಲ್ಲಿ ಮಾಡಿಸಿ ಅಂತ ಹೇಳಿ, ಬೇರೆ ಯಂತ್ರದ ಸಂಖ್ಯೆಯನ್ನು ಇದರ ಪಕ್ಕ ಇಟ್ಟು ಏರಿದೆ ಇಳಿದಿದೆ ಅಂತ ನನ್ನನ್ನು ಹೆದರಿಸಬೇಡಿ. ಮತ್ತೆ ನನ್ನ ಎತ್ತರ ಅಳೆಯಿರಿ. ಅದಕ್ಕೆ ಯಂತ್ರವೂ ಬೇಡ.

ಯಾರೋ ಒಬ್ಬರು ಮುಂದೆ ನಿಲ್ಲಬೇಕು ಅಂತಿದ್ದರೆ ಅದು ಹಾರ್ಮೋನ್ ಡಾಕ್ಟರು ಆಗಲಿ ಅಂತ ನನ್ನ ಆಸೆ. ಕೆಂಪು ಪೆನ್ನಲ್ಲಿ ಹಾಳೆ ಹರಿದಿರಲ್ಲ, ಆವತ್ತು ಬೇಜಾರಾಗಿತ್ತು, ಈಗ ಅದೇ ಧೈರ್ಯ.

ಮುಂದಿನ ತಿಂಗಳು ಎರಡನೇ ಪರೀಕ್ಷೆಯ ರಿಪೋರ್ಟು ಬರುತ್ತದೆ. ಅದನ್ನು ತಗೊಂಡು ನಾಲ್ಕೂ ಕಡೆ ಬರುತ್ತೇನೆ. ಈ ಸಲ ಫೈಲಿನ ಮೇಲೆಯೇ ಒಂದು ಖಾಲಿ ಹಾಳೆ ಸಿಗಿಸಿದ್ದೇನೆ. ಎಡಗಡೆ 1, 2, 3, 4 ಅಂತ ನಾನೇ ಬರೆದಿದ್ದೇನೆ, ಮೇಲೆ ನಿಮ್ಮ ನಾಲ್ವರ ಫೋನ್ ನಂಬರ್ ಇದೆ. ಪೆನ್ನು ಯಾವ ಬಣ್ಣದ್ದಾದರೂ ಆಗುತ್ತದೆ.

ಇಂತಿ,
ನಿಮ್ಮ ಪೇಷಂಟು